ನಾನೂರು ವರ್ಷದ ಲಾಲಿ

೧೯೯೪ ಮಾರ್ಚ್ ೨, ಬುಧವಾರ. ಗಿರಾವೀನ್, ಆಸ್ಟ್ರೇಲಿಯಾ

ಇವತ್ತೂ ಏಳು ನಲವತ್ತೆರಡರ ರೈಲು ತಡ. ಸೀಟು ಸಿಗಲಿಲ್ಲ. ನಿಂತುಕೊಂಡೇ ಎರಡು ತೀರ್ಪು ಓದಿ ಮುಗಿಸಿದೆ. ಲಾ ಸ್ಕೂಲಿನ ಬೋರ್ಡಿನಲ್ಲಿ ಕಳೆದ ವರ್ಷದ ಬಹುಮಾನಗಳ ಪಟ್ಟಿ ಹಾಕಿದ್ದಾರೆ. ಕಾಂಟ್ರ್ಯಾಕ್ಟ್ಸ್: ಮಹತಿ ಚಂದ್ರಮೋಹನ್. ಈಕ್ವಿಟಿ: ಮಹತಿ ಚಂದ್ರಮೋಹನ್. ಮೂರನೆಯದು ಬೇರೆ ಯಾರಿಗೋ ಹೋಗಿದೆ. ಆ ಪರೀಕ್ಷೆಯ ದಿನ ನನಗೆ ಜ್ವರವಿತ್ತು.

ಸಂಜೆ ಮನೆಗೆ ಬಂದರೆ ಆನ್ಸರಿಂಗ್ ಮೆಷೀನಿನಲ್ಲಿ ಅಪರಿಚಿತ ದನಿ. ಡೆನಿಸ್ ಅಂತೆ, ಮ್ಯೂಸಿಕ್ ಪ್ರೊಡ್ಯೂಸರ್. ಪೆಸಿಫಿಕ್ ತೀರದ ಹನ್ನೆರಡು ದೇಶಗಳ ಗೀತಸ್ಪರ್ಧೆ ಈ ಸೆಪ್ಟೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ನಡೆಯುತ್ತದೆ. ದೇಶಕ್ಕೊಂದೇ ಹಾಡು. ಆತಿಥೇಯ ದೇಶ ಆಸ್ಟ್ರೇಲಿಯಾ. ಅದರ ಹಾಡನ್ನು ಸಿದ್ಧಪಡಿಸುವ ಹೊಣೆ ಅವನದು. ಜನವರಿಯಲ್ಲಿ ಪ್ಯಾರಮಟ್ಟಾ ಟೌನ್ ಹಾಲಿನಲ್ಲಿ ನಾನು ಹಾಡಿದ ಲಾಲಿಯನ್ನು ಕೇಳಿದ್ದನಂತೆ. ‘ಅದು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ’ ಎಂದಿದ್ದಾನೆ.

ಆ ದಿನ ಹಾಡಲು ಕೊಟ್ಟದ್ದು ಬರೀ ಮೂರು ನಿಮಿಷ. ಚಿಕ್ಕಂದಿನಲ್ಲಿ ಇಲ್ಲಿಂದ ಮೈಸೂರಿಗೆ ಹೋಗಿ ಅಜ್ಜಿಯ ಮನೆಯಲ್ಲಿದ್ದು ಏಳು ವರ್ಷ ಕಲಿತ ಸಂಗೀತ ಮೂರು ನಿಮಿಷಕ್ಕೆ ಇಳಿಯುವಂಥದ್ದಲ್ಲ. ಹಾಗಾಗಿ ಅಮ್ಮನ ಲಾಲಿಯ ಮೊದಲ ನುಡಿಯನ್ನು ಹಾಡಿ ಇಳಿದುಬಂದಿದ್ದೆ. ಅಮ್ಮ ಆಗ ಹಿಂದಿನ ಅಡುಗೆಮನೆಯಲ್ಲಿ ಕನ್ನಡ ಸಂಘದವರ ಜೊತೆ ತಟ್ಟೆ ಜೋಡಿಸುತ್ತಿದ್ದಳು. ಕೇಳಲಿಲ್ಲ.

ಮಾರ್ಚ್ ೫, ಶನಿವಾರ

ಸ್ಟುಡಿಯೋಕ್ಕೆ ಹೋಗಿದ್ದೆ. ಡೆನಿಸ್‌ಗೆ ನಲವತ್ತೈದಿರಬಹುದು, ಬರಿಗಾಲಲ್ಲಿ ಓಡಾಡುತ್ತಾನೆ. ಎರಡು ಸಲ ಹಾಡಿಸಿದ. ಕಣ್ಣು ಮುಚ್ಚಿ ಕೇಳಿದ. ರಾಗ ಯಾವುದು ಎಂದ. ಅಮ್ಮನ ಧಾಟಿಗೆ ರಾಗದ ಹೆಸರೆಲ್ಲಿಂದ ಬರಬೇಕು... ನೀಲಾಂಬರಿ ಎಂದೆ. ಎರಡು ಕಡೆ ಸ್ವರವನ್ನು ಆ ರಾಗದತ್ತ ಎಳೆದೂ ತೋರಿಸಿದೆ. ತಪ್ಪನ್ನು ತಿದ್ದಿದೆನೆಂದೇ ಅನ್ನಿಸಿತ್ತು ನನಗೆ.

‘ಎಷ್ಟು ಹಳೆಯದು?’

‘ನಾನೂರು ವರ್ಷ.’

ಯೋಚಿಸದೆ ಬಂದ ಮಾತು. ಯೋಚಿಸಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ. ಇದನ್ನು ಕಟ್ಟಿದವಳು ನನ್ನ ತಾಯಿ, ನಾನು ಓದಿದ ಹೈಸ್ಕೂಲಿನ ತಿಂಡಿ ಅಂಗಡಿ, ಆ ಟಕ್‌ಶಾಪಿನಲ್ಲಿ ಈಗಲೂ ಸ್ಯಾಂಡ್‌ವಿಚ್ ಮಾಡುತ್ತಾಳೆ—ಹೀಗೆ ಹೇಳಲು ನಾಲಿಗೆ ಏಳಲಿಲ್ಲ. ಐದು ವರ್ಷ ಆ ಕಿಟಕಿಯ ಮುಂದಿನ ಕ್ಯೂನಲ್ಲಿ ನಾನು ನಿಂತದ್ದಿಲ್ಲ. ಡಕ್ಸ್ ಆದ ವರ್ಷ, ಇಡೀ ಶಾಲೆಗೆ ಮೊದಲ ಸ್ಥಾನ ಪಡೆದವಳ ಫೋಟೋ ತೆಗೆಯುವಾಗ, ಅಮ್ಮ ಏಪ್ರನ್ ಬಿಚ್ಚಿಟ್ಟು ಓಡಿಬಂದಳು. ನೆಟ್ ಕ್ಯಾಪ್ ಬಿಚ್ಚಲು ಮರೆತಿದ್ದಳು. ಆ ಫೋಟೋ ನನ್ನ ಕಪಾಟಿನಲ್ಲಿ ಮುಖ ಕೆಳಗಾಗಿ ಇದೆ.

ಡೆನಿಸ್ ‘ನಾನೂರು’ ಎಂದು ಹಲಗೆಯ ಮೇಲೆ ಬರೆದು ಸುತ್ತ ಒಂದು ವೃತ್ತ ಎಳೆದ.

ಮಾರ್ಚ್ ೬, ಭಾನುವಾರ

ಡೆನಿಸ್ ಕೊಟ್ಟ ಸ್ಪರ್ಧೆಯ ಅರ್ಜಿ ತುಂಬಿದೆ. ಊಟದ ಮೇಜಿನ ಮೇಲೆ, ಎಲ್ಲರ ಎದುರಿಗೇ. ಹನ್ನೊಂದನೆಯ ಕಾಲಮ್ಮು—ರಚನೆ ಯಾರದು.

‘ಅಮ್ಮಾ, ಇಲ್ಲಿ ಏನು ಬರೀಲಿ?’

ಅಮ್ಮ ಹುರುಳೀಕಾಯಿ ನಾರು ತೆಗೆಯುತ್ತಿದ್ದಳು. ‘ಸಂಪ್ರದಾಯದ್ದು ಅಂತ ಬರಿ. ಹೆಣ್ಣುಮಕ್ಕಳ ಹಾಡಿಗೆ ಯಾರಾದ್ರೂ ಹೆಸರು ಹಾಕ್ಕೋತಾರೇನೇ?’

‘ನೀನೇ ಮಾಡಿದ್ದಲ್ವಾ?’

‘ಅಜ್ಜಿ ಆರತಿ ಹಾಡು ಮಾಡಿದ್ರು, ಸೋದರತ್ತೆ ಹಸೆ ಹಾಡು ಮಾಡಿದ್ರು. ಯಾರಾದ್ರೂ ನಂದು ಅಂದ್ರಾ? ಕೇಳಿದ್ರೆ ಯಾರೋ ಹೇಳ್ತಿದ್ರು ಅನ್ನೋದು. ನಂದು ಅಂತ ಹೇಳ್ಕೊಂಡ್ರೆ ಅಹಂಕಾರ ಅಂತಾರೆ.’

ಅಪ್ಪ ಪೇಪರಿನಿಂದ ತಲೆ ಎತ್ತಿದರು. ‘ಹೆಸರು ಗಿಸರು ಬೇಡ ಮಾರಾಯ್ತಿ. ಗೊತ್ತಾದ್ರೆ ಸಂಘದ ಮೂರ್ತಿ ಎಲ್ಲರ ಮನೆ ನಾಮಕರಣಕ್ಕೂ ಇವಳ ಹತ್ರ ಹಾಡು ಮಾಡಿಸ್ತಾನೆ. ನಮ್ಮನೇಲಿ ಸಾರು ಮಾಡೋರು ಯಾರು?’

ಅಮ್ಮ ನಕ್ಕಳು. ನಾನು ‘ಟ್ರಡಿಷನಲ್, ಸೌತ್ ಇಂಡಿಯನ್’ ಎಂದು ದುಂಡಗೆ ಬರೆದು ಸಹಿ ಹಾಕಿದೆ. ಅಮ್ಮನೇ ಹೇಳಿದ್ದು. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಎರಡನೆಯ ನುಡಿಯನ್ನು ಅರ್ಜಿಗೆ ಸೇರಿಸಲಿಲ್ಲ. ಅದರಲ್ಲಿ ರೈಲು ಬರುತ್ತದೆ. ನಾನೂರು ವರ್ಷದ ಹಾಡಿನಲ್ಲಿ ಪ್ಯಾರಮಟ್ಟಾ ರೈಲು ಬರಲಾಗದು. ಇದನ್ನು ಯಾರೂ ಹೇಳಲಿಲ್ಲ. ನನ್ನದೇ ತೀರ್ಮಾನ.

ಏಪ್ರಿಲ್ ೧೬, ಶನಿವಾರ

ನಾಲ್ಕನೆಯ ರೆಕಾರ್ಡಿಂಗ್. ಡ್ರಮ್ ಮೆಷೀನ್ ಸೇರಿದೆ, ಇಂಗ್ಲಿಷ್ ಸಾಲುಗಳೂ ಸೇರಿವೆ. ಕನ್ನಡ ಉಳಿದದ್ದು ಎರಡೇ ಸಾಲು:

ಅಳಬೇಡ ಅಳಬೇಡ ಅಂಗೈಯ ಮುತ್ತೇ,
ತೊಟ್ಟಿಲು ತರಲಿಲ್ಲ, ತೋಳಲ್ಲೇ ತೂಗುವೆ.

ಮತ್ತೆ ಮತ್ತೆ ಅದೇ. ಆದರೂ ಹಾಡುವವಳು ನಾನು. ಹನ್ನೆರಡು ದೇಶಗಳ ಮುಂದೆ, ಆತಿಥೇಯ ದೇಶದ ಪರವಾಗಿ. ಹೈಸ್ಕೂಲಿನಲ್ಲಿ ನನ್ನ ಡಬ್ಬಿಯ ಚಿತ್ರಾನ್ನಕ್ಕೆ ಮೂಗು ಮುಚ್ಚಿಕೊಂಡವರು ಟಿವಿಯಲ್ಲಿ ನೋಡಲಿ.

ಅಮ್ಮ ಕ್ಯಾಸೆಟ್ ಕೇಳಿಸು ಎಂದಳು. ಪೂರ್ತಿಯಾಗಲಿ ಎಂದೆ.

ಮೇ ೧೪, ಶನಿವಾರ

ಸ್ಪರ್ಧೆಯ ಸಮಿತಿ ನಮ್ಮ ಹಾಡನ್ನೇ ಆರಿಸಿತು. ಪತ್ರಿಕೆಯಲ್ಲಿ ಎಂಟು ಸಾಲಿನ ಸುದ್ದಿ: ‘ದಕ್ಷಿಣ ಭಾರತದ ದೇವಾಲಯಗಳ ನಾನೂರು ವರ್ಷದ ಲಾಲಿ, ಆಸ್ಟ್ರೇಲಿಯಾದ ಹಾಡಾಗಿ.’ ದೇವಾಲಯ ನಾನು ಹೇಳಿದ್ದಲ್ಲ. ಅವರಾಗಿ ಕಟ್ಟಿಕೊಂಡರು.

ಸಂಘದ ಊಟದಲ್ಲಿ ಮೂರ್ತಿ ಅಂಕಲ್ ಕತ್ತರಿಸಿಟ್ಟ ಪತ್ರಿಕೆ ಹಿಡಿದು ಬಂದರು. ಸಂಘದ ಅಧ್ಯಕ್ಷರು; ದಾಸರ ಪದಗಳ ಹುಚ್ಚು ಅವರಿಗೆ.

‘ಯಾವ ದಾಸರದಮ್ಮ ಇದು? ನನ್ನ ಹತ್ರ ಮೂರು ಸಂಪುಟ ಇವೆ, ರಾತ್ರಿಯೆಲ್ಲ ಹುಡುಕಿದೆ. ಸಿಗಲಿಲ್ಲ. ಅಂಕಿತ ಏನು?’

ನಾನು ತಟ್ಟೆಯಲ್ಲಿ ಬೆರಳಾಡಿಸಿದೆ. ಮೂಟ್ ಕೋರ್ಟಿನ ಅಣಕು ವಾದದಲ್ಲಿ ಮೂವರು ನ್ಯಾಯಾಧೀಶರ ಎದುರು ತಡವರಿಸದವಳು.

ಅಮ್ಮ ಬಿಸಿಬೇಳೆಬಾತು ಬಡಿಸುತ್ತ ಬಂದವಳು ಅಲ್ಲೇ ನಿಂತಳು. ‘ಯಾವ ದಾಸರೂ ಅಲ್ಲ ಮೂರ್ತಿಗಳೇ. ಯಾರೋ ಕೆಲಸ ಇಲ್ಲದ ಹೆಂಗಸು ಹೇಳಿದ್ದು. ಹಪ್ಪಳ ಹಾಕಲಾ?’

ಕಾರಿನಲ್ಲಿ ಬರುವಾಗ ನನ್ನತ್ತ ತಿರುಗಿ ನೋಡಲೂ ಇಲ್ಲ. ನನ್ನನ್ನು ಉಳಿಸಿದಳು. ಉಳಿಸಬೇಕೆಂದು ನಾನು ಕೇಳಿರಲಿಲ್ಲ. ಆ ಋಣ ನನಗೆ ಇಷ್ಟವಾಗಲಿಲ್ಲ.

ಜುಲೈ ೧೧, ಸೋಮವಾರ

ಬರೆಯಬೇಕು. ಕ್ರಮವಾಗಿ ಬರೆಯಬೇಕು.

ಹತ್ತು ಗಂಟೆಗೆ ಸ್ಟುಡಿಯೋ. ಸೋಫಾದ ಮೇಲೆ ಒಬ್ಬಳು ಕುಳಿತಿದ್ದಳು. ಕೆರೀನ್. ಜೇನಿನ ಬಣ್ಣದ ಕೂದಲು. ಡೆನಿಸ್ ಈ ದಿನ ಬೂಟು ಹಾಕಿಕೊಂಡಿದ್ದ. ಆಗಲೇ ತಿಳಿಯಬೇಕಿತ್ತು.

ಸಮಿತಿಯವರು ಟೇಪ್ ನೋಡಿದರಂತೆ. ಹಾಡು ಅದ್ಭುತವಂತೆ. ಆದರೆ ಆತಿಥೇಯ ದೇಶ ವೇದಿಕೆಗೆ ಬಂದಾಗ ನೋಡುವವರಿಗೆ ಕೂಡಲೇ ಗುರುತು ಸಿಗಬೇಕಂತೆ.

‘ನಾನು ಬಂದರೆ ಗುರುತು ಸಿಗುವುದಿಲ್ಲವೇ?’

‘ಹಾಗಲ್ಲ, ಮಹತಿ... ಇದು ನನ್ನ ಮಾತಲ್ಲ.’

‘ಹಾಡು ನಮ್ಮದು. ನಾನಿಲ್ಲದೆ ಅದು ಹೋಗುವಂತಿಲ್ಲ.’

ಡೆನಿಸ್ ಫೈಲಿನಿಂದ ನನ್ನ ಅರ್ಜಿಯನ್ನು ಹೊರತೆಗೆದ. ಒರಟಾಗಿ ಅಲ್ಲ, ಬೇಸರದಿಂದಲೇ. ಹನ್ನೊಂದನೆಯ ಕಾಲಮ್ಮಿನ ಮೇಲೆ ಬೆರಳಿಟ್ಟ. ‘ಇದು ಯಾರೊಬ್ಬರದೂ ಅಲ್ಲ ಎಂದು ಬರೆದುಕೊಟ್ಟವಳು ನೀನೇ.’

ನನ್ನ ದುಂಡು ಅಕ್ಷರ. ನನ್ನ ಸಹಿ. ಯಾರೊಬ್ಬರದೂ ಅಲ್ಲವಾದರೆ ಯಾರು ಬೇಕಾದರೂ ಹಾಡಬಹುದು. ಹೊಂದಿಸಿದವನು ತನ್ನ ಹೆಸರು ಹಾಕಿಕೊಳ್ಳಬಹುದು. ಮೊದಲ ವರ್ಷದ ವಿದ್ಯಾರ್ಥಿಗೂ ಹೊಳೆಯುವ ವಿಷಯ. ಕಾಂಟ್ರ್ಯಾಕ್ಟ್ಸ್ ಬಹುಮಾನದವಳಿಗೆ ಹೊಳೆಯಲಿಲ್ಲ.

ಕೋರಸ್‌ನಲ್ಲಿ ನಿಲ್ಲುತ್ತೀಯಾ ಎಂದ. ಇಲ್ಲ ಎಂದೆ. ಕೆರೀನ್‌ಗೆ ಉಚ್ಚಾರಣೆ ಹೇಳಿಕೊಡುತ್ತೀಯಾ ಎಂದ. ಅದಕ್ಕೆ ಒಪ್ಪಿದೆ. ಏಕೆ ಒಪ್ಪಿದೆನೆಂದು ದಾರಿಯುದ್ದಕ್ಕೂ ಕೇಳಿಕೊಂಡೆ. ಹಾಳಾಗುವುದಾದರೂ ಸರಿಯಾದ ಉಚ್ಚಾರಣೆಯಲ್ಲಿ ಹಾಳಾಗಲಿ—ಇದಕ್ಕಿಂತ ಉತ್ತಮವಾದ ಉತ್ತರ ಸಿಗಲಿಲ್ಲ.

ಮನೆಯಲ್ಲಿ ಹೇಳಿದೆ. ಅಪ್ಪ, ‘ಹೋಗ್ಲಿ ಬಿಡು, ಓದಿನ ಕಡೆ ಗಮನ ಕೊಡು’ ಎಂದರು. ಅಮ್ಮ ಮಾತ್ರ, ‘ಆ ಹುಡುಗಿಗೆ ಹಾಡು ಬರತ್ತಾ?’ ಎಂದಳು.

ಆಗಸ್ಟ್ ೨೦, ಶನಿವಾರ

ಕೆರೀನ್‌ಗೆ ‘ಳ’ ಬರುವುದಿಲ್ಲ. ಅಲಬೇಡ, ಅಲಬೇಡ. ಇನ್ನೂರು ಸಲ. ಒಳ್ಳೆಯ ಹುಡುಗಿ—ಅದೇ ಕಷ್ಟ. ದ್ವೇಷಿಸಲು ಅನುಕೂಲವಾಗುವಂಥ ಏನನ್ನೂ ಮಾಡುವುದಿಲ್ಲ. ವಿರಾಮದಲ್ಲಿ ಕೇಳಿದಳು: ‘ತೊಟ್ಟಿಲು ಯಾಕೆ ತರಲಿಲ್ಲ? ದೇವಸ್ಥಾನದಲ್ಲಿ ತೊಟ್ಟಿಲು ಇರುತ್ತಿರಲಿಲ್ಲವಾ?’

ಈ ದೇಶಕ್ಕೆ ಬರುವಾಗ ವಿಮಾನದಲ್ಲಿ ಜಾಗವಿರಲಿಲ್ಲ, ಅದಕ್ಕೆ. ಎರಡು ಸೂಟ್‌ಕೇಸು, ಎರಡು ವರ್ಷದ ನಾನು. ಅಮ್ಮನಿಗೆ ಆಗ ಇಪ್ಪತ್ತಮೂರು.

‘ಬಡವರಿದ್ದಿರಬೇಕು’ ಎಂದೆ.

ಸೆಪ್ಟೆಂಬರ್ ೧೬, ಶುಕ್ರವಾರ. ಮೆಲ್ಬರ್ನ್

ಅಪ್ಪನ ಕ್ಯಾಮ್ರಿ ಕಾರಿನಲ್ಲಿ ಹನ್ನೊಂದು ಗಂಟೆಯ ದಾರಿ. ಗಂಡಗೈ ಬಳಿ ನಿಂತು ಪುಳಿಯೋಗರೆ. ಅಮ್ಮ ಹೊಸ ಮೈಸೂರು ಸಿಲ್ಕ್ ಸೀರೆಯನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಳು, ಡಿಕ್ಕಿಯಲ್ಲಿಟ್ಟರೆ ಸುಕ್ಕಾಗುತ್ತದೆಂದು. ಬರುವುದು ಬೇಡ ಎಂದಿದ್ದೆ. ‘ನಮ್ಮ ಹಾಡು ಕೇಳೋಕೆ ಬರ್ತೀನಿ, ನಿನ್ನ ನೋಡೋಕಲ್ಲ’ ಎಂದಳು.

ಕ್ಲೇಟನ್‌ನಲ್ಲಿ ಅರುಂಧತಿ ಆಂಟಿಯ ಮನೆ. ಎಪ್ಪತ್ತನಾಲ್ಕರಲ್ಲಿ ಗಿರಾವೀನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು. ಸುತ್ತಮುತ್ತ ಇದ್ದ ಇನ್ನೊಂದೇ ಕನ್ನಡದ ಮನೆ. ಆಂಟಿಯ ಗಂಡ ಚಂದ್ರಶೇಖರ್ ಅಂಕಲ್‌ಗೆ ಯೂನಿವರ್ಸಿಟಿ ಕೆಲಸ ಸಿಕ್ಕ ಮೇಲೆ ಇಲ್ಲಿಗೆ ಬಂದರು. ಆಂಟಿ ನನ್ನ ಕೆನ್ನೆ ಹಿಂಡಿ, ‘ಲಾಯರಮ್ಮ ಬಂದ್ರು, ಎಲ್ಲಾ ಬಾಯಿ ಮುಚ್ಕೊಳಿ’ ಎಂದರು.

ಸೆಪ್ಟೆಂಬರ್ ೧೮, ಭಾನುವಾರ. ಮೆಲ್ಬರ್ನ್, ಬೆಳಗ್ಗೆ ಹನ್ನೊಂದು

ನಿನ್ನೆ ಸಂಜೆ. ಯಾರಾ ನದಿಯ ದಡದ ಸಭಾಂಗಣ. ಹನ್ನೊಂದು ದೇಶಗಳಾದ ಮೇಲೆ ಕೊನೆಗೆ ಆತಿಥೇಯರ ಹಾಡು. ಪುಸ್ತಿಕೆಯಲ್ಲಿ: ಸಂಗೀತ, ಸಾಹಿತ್ಯ—ಡೆನಿಸ್, ಸಾಂಪ್ರದಾಯಿಕ ಮೂಲದಿಂದ. ಅದರ ಕೆಳಗೆ, ಉಡುಪು ಇಸ್ತ್ರಿ ಮಾಡಿದವರ ಹೆಸರಿಗೂ ಕೆಳಗೆ: ಉಚ್ಚಾರಣೆಗೆ ನೆರವು—ಎಂ. ಚಂದ್ರಮೋಹನ್. ಅಪ್ಪ ಅದರ ಕೆಳಗೆ ಉಗುರಿನಿಂದ ಗೆರೆ ಎಳೆದರು, ಹೆಮ್ಮೆಯಿಂದ.

ನಿರೂಪಕ ನಾನೂರು ವರ್ಷದ ದೇವಾಲಯದ ಲಾಲಿ ಎಂದ. ಆಂಟಿ ಬಾಗಿ ಅಮ್ಮನ ಕಿವಿಯಲ್ಲಿ, ನನಗೂ ಕೇಳುವಂತೆ: ‘ಏನೇ ಪದ್ಮಿನಿ, ನಾನೂರು ತುಂಬಿತೇನೇ ನಿನಗೆ? ಮುಖ ನೋಡಿದ್ರೆ ಮುನ್ನೂರು ಅಂತಾನೂ ಹೇಳೋಕಾಗಲ್ಲ.’

ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಭುಜ ಅಲುಗುವಷ್ಟು ನಕ್ಕಳು.

ಹಾಡು ಶುರುವಾಯಿತು. ಹೊಗೆ, ಹಿತ್ತಾಳೆ ದೀಪಗಳು, ಕೆರೀನ್‌ನ ಹಣೆಯಲ್ಲಿ ದೊಡ್ಡ ಬೊಟ್ಟು. ‘ಳ’ ಸರಿಯಾಗಿ ಬಂತು. ಅಮ್ಮನ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮೊದಲ ನುಡಿ ಮುಗಿಯಿತು. ಅಮ್ಮ ಸ್ವಲ್ಪ ಮುಂದೆ ಬಾಗಿದಳು. ಮತ್ತೆ ಮೊದಲ ನುಡಿ. ಮತ್ತೊಮ್ಮೆ. ಆಮೇಲೆ ಡ್ರಮ್ಸು, ಚಪ್ಪಾಳೆ.

ಅಮ್ಮನ ಕೈ ನಿಂತಿತ್ತು. ಬಾಗಿದ ಭಂಗಿಯಲ್ಲೇ ಇದ್ದಳು, ಬಸ್ಸು ಬರುವ ಕಡೆಗೆ ನೋಡುತ್ತ ನಿಂತವರ ಹಾಗೆ.

ಆರನೆಯ ಸ್ಥಾನ. ಹನ್ನೆರಡರಲ್ಲಿ. ಗೆದ್ದಿದ್ದರೆ ಕೋಪ ಮಾಡಿಕೊಳ್ಳಬಹುದಿತ್ತು. ಕೊನೆಯ ಸ್ಥಾನವಾಗಿದ್ದರೆ ನಗಬಹುದಿತ್ತು.

ಈ ದಿನ ಬೆಳಗ್ಗೆ ತಿಂಡಿಗೆ ಕುಳಿತಾಗ ಆಂಟಿ ದೋಸೆ ಹಾಕುತ್ತ, ‘ಅಲ್ಲ ಕಣೇ ಮಹತಿ, ರೈಲಿನ ನುಡಿ ಎಲ್ಲಿ ಹೋಯ್ತು? ಅದೇ ಅಲ್ವಾ ಹಾಡು?’

‘ಟೈಮ್ ಇರಲಿಲ್ಲ ಆಂಟಿ. ಅವರೇ ತೆಗೆದರು.’

‘ಮೊದಲನೇದನ್ನ ಮೂರು ಸಲ ಹಾಡೋಕೆ ಟೈಮ್ ಇತ್ತು?’

ಅಪ್ಪ ಚಟ್ನಿ ಕೇಳಿದರು. ಯಾರೂ ಕೊಡಲಿಲ್ಲ.

ಅಮ್ಮ ತಟ್ಟೆ ನೋಡುತ್ತಲೇ, ‘ಯಾರು ತೆಗೆದಿದ್ದು?’ ಎಂದಳು. ಅವಳ ದನಿ ಏರಲಿಲ್ಲ. ನಾನು ಸುಳ್ಳು ಹೇಳಿದಾಗ ಅವಳಿಗೆ ಗೊತ್ತಾಗುತ್ತದೆಂಬುದು ನನಗೆ ಗೊತ್ತು.

‘ನಾನು.’

‘ಹೆಸರು ಬೇಡ ಅಂದಿದ್ದು ನಾನು. ಒಪ್ಕೋತೀನಿ. ನುಡಿ ಬಿಟ್ಬಿಡು ಅಂದಿದ್ನಾ?’

ಆಂಟಿ ಉರಿ ಸಣ್ಣ ಮಾಡಿದರು. ಅಪ್ಪನ ಕಡೆ ಸೌಟು ತೋರಿಸಿ, ‘ಆಗ ಇವರಿಗೆ ಓವರ್‌ಟೈಮು. ಇವಳಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಬಾಗಿಲು ತೆಗೆಯೋಕೂ ಹೆದರ್ತಿದ್ಲು. ಆರರ ರೈಲು, ಏಳರ ರೈಲು ಅಂತ ಕಿಟಕಿ ಹತ್ರ ನಿಂತ್ಕೊಂಡು ನಿನ್ನ ತೂಗ್ತಿದ್ಲು. ಗೋಡೆ ಆಚೆ ನನಗೆ ಕೇಳಿಸ್ತಿತ್ತು. ಮೊದಲನೇ ನುಡಿ ನೀನು ಅಳೋದು ನಿಲ್ಲಿಸೋಕೆ. ಎರಡನೇದು ಇವಳು ಅಳೋದು ನಿಲ್ಲಿಸೋಕೆ.’

ಅಪ್ಪ ತಲೆ ಎತ್ತಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವರಿಗೂ ಈ ಮಾತು ಯಾರೂ ಹೇಳಿರಲಿಲ್ಲವೇನೋ.

ಅಮ್ಮ ಎದ್ದು ಕೈ ತೊಳೆದಳು. ಹೊರಡೋಣವಾ ಎಂದಳು.

ಅಕ್ಟೋಬರ್ ೫, ಬುಧವಾರ. ಗಿರಾವೀನ್

ಸ್ಪರ್ಧೆಯ ಕಚೇರಿಗೆ ನಾಲ್ಕು ಪುಟದ ಪತ್ರ ಕಳಿಸಿದ್ದೆ. ಅರ್ಜಿಯ ಹೇಳಿಕೆ ತಪ್ಪು, ಹಾಡಿನ ಕರ್ತೃ ನನ್ನ ತಾಯಿ ಪದ್ಮಿನಿ. ಈ ದಿನ ಫ್ಯಾಕ್ಸ್‌ನಲ್ಲಿ ಉತ್ತರ, ಮೂರು ಸಾಲು. ಅದರ ಜೊತೆ ನನ್ನದೇ ಅರ್ಜಿಯ ಪ್ರತಿ. ಬೇರೆ ಪುರಾವೆಯಿದ್ದರೆ ಒದಗಿಸಬಹುದು ಎಂದಿದ್ದಾರೆ. ಸಭ್ಯ ಭಾಷೆ. ಅವರ ಜಾಗದಲ್ಲಿದ್ದರೆ ನಾನೂ ಇದನ್ನೇ ಬರೆಯುತ್ತಿದ್ದೆ, ಇನ್ನೂ ಚೆನ್ನಾಗಿ.

ಪುರಾವೆ ಇದೆ. ರೈಲಿನ ನುಡಿಯೇ ಪುರಾವೆ. ಅಮ್ಮನ ಹಾಡಿನ ನೋಟ್‌ಬುಕ್ಕು ತೆಗೆದೆ, ನೀಲಿ ರಟ್ಟಿನದು. ಅಜ್ಜಿಯ ಆರತಿ ಹಾಡು, ಸೋದರತ್ತೆಯ ಹಸೆ ಹಾಡು, ಭಾಗೀರಥಮ್ಮನವರ ಉರುಟಣೆ ಹಾಡು—ನೂರಾ ಹದಿನಾಲ್ಕು. ಅಮ್ಮನದು ಒಂದೂ ಇಲ್ಲ.

‘ನಂದು ಯಾಕೆ ಬರೀಲಿ? ಮರೆತುಹೋಗೋದನ್ನ ಬರ್ಕೋಬೇಕು. ಅದು ಬಾಯಲ್ಲೇ ಇತ್ತಲ್ಲ.’

‘ಈಗ ಹೇಳು. ನಾನು ಬರೆದುಕೊಳ್ತೀನಿ.’

‘ಮರೆತುಹೋಯ್ತು’ ಎಂದಳು. ಮರೆತಿಲ್ಲ.

ಅಕ್ಟೋಬರ್ ೨೭, ಗುರುವಾರ

ಅಮ್ಮನ ಶಾಲೆಯ ಅಸೆಂಬ್ಲಿಯಲ್ಲಿ ಆ ಹಾಡನ್ನು ಹೇಳಿಕೊಟ್ಟಿದ್ದಾರಂತೆ. ಟಕ್‌ಶಾಪಿನ ಕಿಟಕಿಯಲ್ಲಿ ಏಳನೇ ತರಗತಿಯ ಹುಡುಗಿಯರು ಹಾಡಿದರಂತೆ. ಅಮ್ಮನೂ ದನಿ ಸೇರಿಸಿದಳಂತೆ. ‘ಮಿಸೆಸ್ ಮೋಹನ್, ಅದು ಹಾಗಲ್ಲ, ಹೀಗೆ’ ಎಂದು ತಿದ್ದಿದರಂತೆ—ನಾನು ಎಳೆದು ನೀಲಾಂಬರಿ ಮಾಡಿದ ಜಾಗದಲ್ಲೇ.

ಅಪ್ಪನಿಗೆ ಹೇಳಿ ನಗುತ್ತಿದ್ದಳು. ‘ಅವರು ಹೇಳೋದೇ ಸರಿ ಇರಬಹುದು ಕಣ್ರೀ. ನಾನೂರು ವರ್ಷದ್ದು ನನಗೇನು ಗೊತ್ತು?’

ನಾನು ಪಕ್ಕದ ಕೋಣೆಯಲ್ಲಿದ್ದೆ. ನಾನು ಅಲ್ಲಿರುವುದು ಅವಳಿಗೆ ಗೊತ್ತಿತ್ತು.

ಡಿಸೆಂಬರ್ ೯, ಶುಕ್ರವಾರ

ಫಲಿತಾಂಶ. ಕಾಪಿರೈಟ್: ತೊಂಬತ್ತೊಂದು. ಹೈ ಡಿಸ್ಟಿಂಕ್ಷನ್. ತರಗತಿಗೆ ಮೊದಲು.

ಅಮ್ಮ ದೇವರ ಮುಂದೆ ಸಕ್ಕರೆ ಇಟ್ಟಳು.

ಡಿಸೆಂಬರ್ ೧೧, ಭಾನುವಾರ. ಮಧ್ಯಾಹ್ನ ಮೂರು

ಕ್ಲೇಟನ್‌ಗೆ ಫೋನ್ ಮಾಡಿದೆ. ಆಂಟಿಗೆ ಎರಡು ಸಾಲು ನೆನಪಿದೆ. ಮೂರನೆಯದು ನನಗೇ ನೆನಪಾಯಿತು. ಹಲ್ಲುಜ್ಜುವಾಗ, ಕೇಳದೆಯೇ ಬಂತು. ನಾಲ್ಕನೆಯದು ಇಬ್ಬರಿಗೂ ಇಲ್ಲ. ‘ಅದನ್ನ ಅವಳು ತುಂಬಾ ಮೆಲ್ಲಗೆ ಹೇಳ್ತಿದ್ಲು ಕಣೇ. ಗೋಡೆ ದಾಟ್ತಿರಲಿಲ್ಲ’ ಎಂದರು ಆಂಟಿ.

ಸ್ಪರ್ಧೆಯ ಕಚೇರಿಯ ಫೈಲನ್ನು ಮುಚ್ಚಿಟ್ಟೆ. ಇನ್ನು ಪತ್ರ ಬರೆಯುವುದಿಲ್ಲ. ಆದರೂ ಆ ಸಾಲು ಬೇಕು. ಯಾಕೆ ಬೇಕು—ಇದಕ್ಕೆ ಅಂಕ ಬರುವಂಥ ಉತ್ತರ ನನ್ನಲ್ಲಿಲ್ಲ.

ಅಮ್ಮ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಳೆ. ಗುನುಗುತ್ತಿದ್ದಾಳೆ, ಮೆಲ್ಬರ್ನ್ ಆದ ಮೇಲೆ ಮೊದಲ ಸಲ. ನಾನು ಊಟದ ಮೇಜಿನಲ್ಲಿ, ಬಾಗಿಲಿನ ಈಚೆ. ಅದೇ ಮೇಜು. ಅವಳು ಹಾಡಿದಂತೆ ಬರೆಯುತ್ತಿದ್ದೇನೆ:

ಆರರ ರೈಲು ಹೋಯ್ತು, ಅಪ್ಪ ಬರಲಿಲ್ಲ,
ಏಳರ ರೈಲು ಹೋಯ್ತು, ಅಪ್ಪ ಬರಲಿಲ್ಲ,
ಹೆಸರಿಲ್ಲದ ಹಕ್ಕಿ ನಗುತಾವೆ ಮರದಲ್ಲಿ,

ನಿಂತಿತು. ನಲ್ಲಿ ತಿರುಗಿಸಿದಳು. ಸೊಪ್ಪು ತೊಳೆಯುತ್ತಿದ್ದಾಳೆ. ಕಾಯುತ್ತೇನೆ.

ನಲ್ಲಿ ನಿಂತಿತು.

‘ಬರ್ಕೋತಿದ್ದೀಯಾ?’

ಇಲ್ಲಮ್ಮ ಎಂದೆ.

‘ಕಾಗದದ ಸದ್ದು ಕೇಳಿಸ್ತಿದೆ. ಪೆನ್ನು ಕೆಳಗಿಟ್ಟು ಒಳಗೆ ಬಾ, ಹೇಳ್ತೀನಿ. ಬರ್ಕೊಂಡು ಬರೋದಾದ್ರೆ ಬೇಡ.’

ಮೂರು ಸಾಲು ಆಗಿದೆ. ನಾಲ್ಕನೆಯದಕ್ಕೆ ಜಾಗ ಬಿಟ್ಟು